ಮೆಣಸಿನ ಹದಿನಾಲ್ಕು ಪುಟ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಕಾಳುಮೆಣಸಿನ ಆಮದಿನ ಬಗ್ಗೆ ನಾವು ಬರೆದ ಪತ್ರವನ್ನು ಮೊನ್ನೆ ಮಂಗಳವಾರ ರಾತ್ರಿ ಹತ್ತೂಕಾಲಿಗೆ ದೆಹಲಿಗೆ ಕಳಿಸಿದೆವು. ಮಳೆ ಹೊಯ್ಯುತ್ತಿತ್ತು. ಕರೆಂಟ್ ಇರಲಿಲ್ಲ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹಿಂದಿನ ದರೆ ಮೇಲೆ ಮಾತ್ರ. ಹಾಗಾಗಿ ಒಬ್ಬರು ಕೊಡೆ ಹಿಡಿದು, ಒಬ್ಬರು ಟಾರ್ಚ್ ಬಿಟ್ಟು, ನಾನು ಲ್ಯಾಪ್‌ಟಾಪ್ ಎದೆಗೊತ್ತಿಕೊಂಡು ನಿಂತಿದ್ದೆವು. ಮೇಲ್ ಹೋಯಿತು ಅಂತ ಗೊತ್ತಾದ ಮೇಲೆ ಕೆಳಗೆ ನೋಡಿದರೆ ಮೂವರ ಕಾಲಿಗೂ ಉಂಬಳ.

ನೆರೆ ದೇಶಗಳಿಂದ ಬರುವ ಕಾಳುಮೆಣಸಿಗೆ ಎರಡೂ ಕಡೆ ಒಂದೇ ತರದ ನಿಯಮ ಇರಬೇಕು ಅಂತ ತೀರ್ಥಹಳ್ಳಿ ಕಡೆಯ ನಲವತ್ತು ಮನೆಯ ಬೆಳೆಗಾರರು ಸೇರಿ ಬರೆದ ಅಭಿಪ್ರಾಯ ಅದು. ಹದಿನಾಲ್ಕು ಪುಟ. ಎರಡು ವರ್ಷದ ಕೆಲಸ. ದೆಹಲಿಯಲ್ಲಿ ಯಾರು ಓದುತ್ತಾರೋ, ಎಷ್ಟು ಓದುತ್ತಾರೋ, ಅದು ಬೇರೆ ವಿಷಯ. ನಾನು ಇವತ್ತು ಬರೆಯುತ್ತಿರುವುದು ಥ್ಯಾಂಕ್ಸ್ ಹೇಳಲಿಕ್ಕೆ.

ಮೊದಲು ನನ್ನ ಹತ್ತಿರ ಬೈಸಿಕೊಂಡವರಿಗೆ. ನಮ್ಮ ಮೊದಲ ಪತ್ರ ಹದಿನಾಲ್ಕು ಪುಟ ಇರಲಿಲ್ಲ, ನಾಲ್ಕೇ ಸಾಲು ಇತ್ತು. 'ವಿದೇಶಿ ಮೆಣಸು ನಿಲ್ಲಿಸಿ' ಅಂತ. ಕೆಳಗೆ ಮುನ್ನೂರು ಚಿಲ್ಲರೆ ಸಹಿ. ಅದನ್ನು ಹಿಡಿದುಕೊಂಡು ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ತೆಗೆದುಕೊಂಡರು, ಸೀಲ್ ಹೊಡೆದರು, ನಮ್ಮ ಕಣ್ಣೆದುರೇ ಒಂದು ಕಟ್ಟಿನ ಮೇಲೆ ಇಟ್ಟರು. ಆ ಕಟ್ಟು ಸೊಂಟದೆತ್ತರ ಇತ್ತು! ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮಂಡಗದ್ದೆ ದಾಟಿದ ಮೇಲೆ ಒಬ್ಬ ಹಿರಿಯರು, 'ಅಲ್ಲ ಮಾರಾಯಾ, ನಿಲ್ಲಿಸಿ ಅಂದರೆ ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ನಮಗೇ ಗೊತ್ತಿಲ್ಲ' ಅಂದರು. ನನಗೆ ಸಿಟ್ಟು ಬಂತು, ಬೈದೆ. ಅವರು ಹೇಳಿದ್ದೇ ಸರಿ. ಅಲ್ಲಿಂದಲೇ ಕೆಲಸ ಶುರುವಾಗಿದ್ದು.

ಆ ಹಿರಿಯರು ಬ್ಯಾಂಕಿನಿಂದ ನಿವೃತ್ತರು. ಲೆಕ್ಕದ ಮನುಷ್ಯ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1998ರ ಡಿಸೆಂಬರ್‌ನಲ್ಲಿ, ಜಾರಿಯಾಗಿದ್ದು 2000ದ ಮಾರ್ಚ್‌ನಲ್ಲಿ. ಅಲ್ಲಿಂದ ಮೆಣಸು ಎಷ್ಟು ಬೇಕಾದರೂ ಸುಂಕ ಇಲ್ಲದೆ ಬರುತ್ತದೆ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ತಪ್ಪು. ಸುಂಕ ಇಲ್ಲದೆ ಬರುವುದು ವರ್ಷಕ್ಕೆ 2,500 ಟನ್. ಅದರ ಮೇಲಿನದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ 8 ಪರ್ಸೆಂಟ್. ಯಾವ ಒಪ್ಪಂದವೂ ಇಲ್ಲದೆ ಬಂದರೆ 70 ಪರ್ಸೆಂಟ್. ಈ 8ಕ್ಕೂ 70ಕ್ಕೂ ನಡುವಿನ ವ್ಯತ್ಯಾಸ ಇದೆಯಲ್ಲ, ಬೇರೆ ದೇಶದ ಮೆಣಸಿಗೆ ಕೊಲಂಬೋದಲ್ಲಿ ಹೊಸ ಚೀಲ ತೊಡಿಸಿ ಕಳಿಸುವ ಆಸೆ ಹುಟ್ಟುವುದೇ ಅಲ್ಲಿ. ಅವರು ಇದನ್ನು ಮದುವೆ ಕಾಗದದ ಹಿಂದೆ ಬರೆದು ತೋರಿಸಿದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಮದುವೆಗೆ ಹೋಗಲಿಕ್ಕೆ ಮರೆತೆ, ಅದಕ್ಕೆ ಕ್ಷಮೆ ಇರಲಿ.

ಆಮೇಲೆ ಮಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟ್ ಹತ್ತಿರ ಕೆಲಸ ಮಾಡುವ ನಮ್ಮೂರ ಹುಡುಗಿ. ಭಾನುವಾರ ಬಂದರೆ ಅವಳನ್ನು ಬಿಡುತ್ತಲೇ ಇರಲಿಲ್ಲ ನಾವು. ಕಾಫಿ ಕೊಟ್ಟು ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ. ಅವಳು ಹೇಳಿದ ಒಂದು ಮಾತಿನ ಮೇಲೇ ನಮ್ಮ ಅರ್ಧ ಪತ್ರ ನಿಂತಿದೆ. ಒಪ್ಪಂದದ ಪ್ರಕಾರ ಹೊರಗಿನ ಕಚ್ಚಾ ಮಾಲು ತಂದು ಶ್ರೀಲಂಕಾದ ಸರಕು ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 35 ಪರ್ಸೆಂಟ್ ಮೌಲ್ಯ ಅಲ್ಲೇ ಸೇರಬೇಕು, ಅಷ್ಟೇ ಅಲ್ಲ, ಸುಂಕದ ಪಟ್ಟಿಯ ನಾಲ್ಕಂಕಿ ನಂಬರೂ ಬದಲಾಗಬೇಕು. ಮೆಣಸಿನ ನಂಬರ್ 0904. ಒಣಗಿಸಿದರೂ 0904, ಗೇರಿದರೂ 0904, ಪುಡಿ ಮಾಡಿದರೂ 0904! ಅಂದರೆ ವಿಯೆಟ್ನಾಂ ಮೆಣಸನ್ನು ಕೊಲಂಬೋದಲ್ಲಿ ಏನೇ ತಿರುವಿ ಹಾಕಿ ಚೀಲ ತುಂಬಿದರೂ ಅದು ಶ್ರೀಲಂಕಾ ಮೆಣಸಾಗುವುದಿಲ್ಲ. ನಿಯಮ ಮೊದಲಿಂದಲೂ ನಮ್ಮ ಕಡೆಗೇ ಇತ್ತು. ನೋಡುವವರು ಬೇಕಿತ್ತು ಅಷ್ಟೆ. 2020ರ ಸೆಪ್ಟೆಂಬರ್‌ನಿಂದ ಬರೀ ಸರ್ಟಿಫಿಕೇಟ್ ತೋರಿಸಿದರೆ ಸಾಕಾಗುವುದಿಲ್ಲ, ಮಾಲು ಎಲ್ಲಿಯದು ಅನ್ನುವ ಮಾಹಿತಿಯನ್ನು ಆಮದು ಮಾಡುವವರೇ ಐದು ವರ್ಷ ಇಟ್ಟುಕೊಂಡಿರಬೇಕು ಅಂತ ಆಗಿದೆ. ಇದೂ ಅವಳಿಂದಲೇ ಗೊತ್ತಾಗಿದ್ದು.

ಹಾಗಾಗಿ ಹೊಸ ಪತ್ರದಲ್ಲಿ 'ನಿಲ್ಲಿಸಿ' ಅನ್ನುವ ಪದ ಎಲ್ಲೂ ಇಲ್ಲ. ಇದಕ್ಕೆ ಜಗಳ ಆಯಿತು, ಸುಮ್ನೆ ಮುಚ್ಚಿಡುವುದಿಲ್ಲ. ಮೂರು ಮನೆಯವರು ಹೊರಗೆ ಹೋದರು, ಇಬ್ಬರು ವಾಪಸ್ ಬಂದರು. 2016ರಲ್ಲಿ ಕೆಜಿಗೆ ಏಳುನೂರರ ಹತ್ತಿರ ಇದ್ದ ಮೆಣಸು ಎರಡೇ ವರ್ಷದಲ್ಲಿ ನಾನೂರಕ್ಕೆ ಬಂದು ಬಿದ್ದಿದ್ದನ್ನು ಕಂಡವರು ಅವರು, ಅವರ ಸಿಟ್ಟು ಸುಳ್ಳಲ್ಲ. 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂದಾಗ ಪಟಾಕಿ ಹೊಡೆದವರೂ ಅವರೇ. ಆದರೆ ಮಾರುಕಟ್ಟೆ ಬೆಲೆಯೇ ಐನೂರು ದಾಟಿದ ಮೇಲೆ ಆ ಗೆರೆ ಯಾರನ್ನು ತಡೆಯುತ್ತದೆ? ಬೆಲೆಯ ಗೆರೆಗಿಂತ ಮೂಲದ ಪುರಾವೆ ಗಟ್ಟಿ ಅಂತ ನನ್ನ ನಂಬಿಕೆ. ಒಪ್ಪದವರು ಇನ್ನೂ ಇದ್ದಾರೆ, ಅವರ ಮಾತನ್ನೂ ಹನ್ನೆರಡನೇ ಪುಟದಲ್ಲಿ ಅವರದೇ ಪದಗಳಲ್ಲಿ ಹಾಕಿದ್ದೇವೆ.

ಇನ್ನೊಂದು ಮಾತು. ಶ್ರೀಲಂಕಾದ ಬೆಳೆಗಾರ ನಮ್ಮ ಶತ್ರು ಅಂದುಕೊಂಡಿದ್ದೆ. ಮಾತಳೆ, ಕ್ಯಾಂಡಿ ಕಡೆ ಅವರದೂ ನಮ್ಮ ಹಾಗೇ ಗುಡ್ಡದ ಮೇಲಿನ ಸಣ್ಣ ಹಿಡುವಳಿ. ಅವರ ಮೆಣಸು ಖಾರಕ್ಕೆ ಹೆಸರಾಗಿದ್ದು. ಅದಕ್ಕೆ ಬೇರೆಯವರ ಮಾಲು ಬೆರೆಸಿದರೆ ಹೆಸರು ಕೆಡುವುದು ಅವರದ್ದೇ ಅಲ್ವಾ? ಮರುರಫ್ತಿಗೆ ಅಂತ ಮೆಣಸು ತರಿಸುವುದನ್ನು 2019ರ ಕೊನೆಯಲ್ಲಿ ಶ್ರೀಲಂಕಾ ಸರಕಾರವೇ ನಿಷೇಧಿಸಿತು. ನಮ್ಮಿಬ್ಬರಿಗೂ ಬೇಕಿದ್ದದ್ದು ಒಂದೇ ಅಂತ ಅದನ್ನು ಓದಿದ ದಿನ ಗೊತ್ತಾಯಿತು.

ಈಗ ಮೆಣಸು ಗೇರಿದ ಅಕ್ಕಂದಿರಿಗೆ. ಇವರಿಗೆ ಹೇಳುವ ಥ್ಯಾಂಕ್ಸ್ ಎಲ್ಲರಿಗಿಂತ ಜಾಸ್ತಿ. ಅಂತರರಾಷ್ಟ್ರೀಯ ಆಹಾರ ಮಾನದಂಡ ಮಾಡುವ ಕೋಡೆಕ್ಸ್‌ನಲ್ಲಿ ಸಾಂಬಾರ ಪದಾರ್ಥಗಳ ಸಮಿತಿಗೆ ಭಾರತವೇ ಆತಿಥೇಯ, ಕೊಚ್ಚಿಯ ಸ್ಪೈಸಸ್ ಬೋರ್ಡ್ ಅದನ್ನು ನಡೆಸುತ್ತದೆ. 2017ರಲ್ಲಿ ಮೆಣಸಿನ ಮಾನದಂಡವೂ ಬಂದಿದೆ. ಎರಡು ದೇಶಕ್ಕೂ ಅದೇ ಅಳತೆ ಇರಲಿ, ಬಂದರಿನಲ್ಲೂ ಅದನ್ನೇ ನೋಡಿ ಅನ್ನುವುದು ನಮ್ಮ ಬೇಡಿಕೆ. ಹಾಗೆ ಕೇಳುವ ಮೊದಲು ನಮ್ಮ ಮೆಣಸು ಆ ಅಳತೆಗೆ ಬರುತ್ತದಾ ಅಂತ ನೋಡಬೇಕಲ್ಲ. ಅಂಗಳದಲ್ಲಿ ಕೂತೆವು. ಒಂದು ಲೀಟರ್ ಡಬ್ಬಿಗೆ ಮೇಲಿಂದ ಮೆಣಸು ಸುರಿಯುವುದು, ಅಲುಗಾಡಿಸದೆ ಸ್ಕೇಲ್‌ನಿಂದ ಮೇಲ್ಭಾಗ ಸವರುವುದು, ತೂಗುವುದು. ವ್ಯಾಪಾರಿಗಳು ಒಳ್ಳೆ ಮಾಲಿಗೆ ಕೇಳುವುದು ಲೀಟರಿಗೆ 550 ಗ್ರಾಂ. ನಮ್ಮ ಮನೆಯದು 531 ಬಂತು! ನನ್ನ ಮುಖ ಸಪ್ಪಗಾಯಿತು. ಒಬ್ಬ ಅಕ್ಕ ಏನೂ ಮಾತಾಡದೆ ಒಂದು ಕಾಳು ಬಾಯಿಗೆ ಹಾಕಿ ಕಟಕ್ ಅನ್ನಿಸಿ, 'ಒಣಗಿದ್ದು ಸರಿ ಇದೆ, ಜೊಳ್ಳು ಉಂಟು' ಅಂದರು. ಮೊರ ತಗೊಂಡು ಎರಡು ಸಲ ಗೇರಿದರು. ಜೊಳ್ಳು ಹಾರಿ ತುಳಸಿಕಟ್ಟೆವರೆಗೂ ಹೋಯಿತು. ಮತ್ತೆ ತೂಗಿದರೆ 556. ತೇವ ನೋಡಲು ಮೀಟರ್ ಹಾಕಿದೆವು, ಹನ್ನೊಂದೂವರೆ ಪರ್ಸೆಂಟ್, ಒಣಗಿದ್ದು ಸರಿಯೇ ಇತ್ತು. ಅವರ ಹಲ್ಲಿಗೆ ಮೊದಲೇ ಗೊತ್ತಿತ್ತು. ಹೀಗೆ ನಲವತ್ತೂ ಮನೆಯ ಮೆಣಸು ತೂಗಿದ ಪಟ್ಟಿ ಪತ್ರದ ಕೊನೆಗಿದೆ. ಕೆಲವು ಮನೆಯದು 550 ಮುಟ್ಟಲಿಲ್ಲ, ಅದನ್ನೂ ಹಾಗೇ ಬರೆದಿದ್ದೇವೆ.

ಅಡಿಕೆ ಯಾಕೆ ಸೇರಿಸಲಿಲ್ಲ ಅಂತ ತುಂಬಾ ಜನ ಕೇಳಿದರು. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆ ಇಲ್ಲದೆ ಒಳಗೆ ಬಿಟ್ಟಾಗ ಶಿವಮೊಗ್ಗದಲ್ಲಿ ಎಷ್ಟು ಗಲಾಟೆ ಆಯಿತು ಗೊತ್ತಲ್ಲ. ನಮ್ಮ ಬ್ಯಾಂಕ್ ಹಿರಿಯರು ಅದನ್ನೂ ಲೆಕ್ಕ ಹಾಕಿದ್ದಾರೆ. ಕ್ವಿಂಟಾಲ್ ಹಸಿ ಅಡಿಕೆಗೆ ನಮ್ಮಲ್ಲಿ ಹನ್ನೆರಡು ಹದಿಮೂರು ಕೆಜಿ ಒಣ ಅಡಿಕೆ ಸಿಕ್ಕರೆ ಹೆಚ್ಚು, ಅಂದರೆ ಅದು ಎರಡು ಸಾವಿರ ಟನ್ನಿನ ಆಸುಪಾಸು. ಅಷ್ಟಕ್ಕೆ ನಾವು ಮುಳುಗುವುದಿಲ್ಲ, ಅದರ ಹೆಸರಿನಲ್ಲಿ ಬೇರೆಲ್ಲಿಯದೋ ಬಂದರೆ ಮಾತ್ರ ಕಷ್ಟ ಅನ್ನುತ್ತಾರೆ. ಅದು ಇನ್ನೊಂದು ಪತ್ರ. ಎಲೆಚುಕ್ಕಿ, ಕೊಳೆ ರೋಗ ಎಲ್ಲ ಸುಧಾರಿಸಿಕೊಂಡು ಅಡಿಕೆ ಕೊಯ್ಲು ಮುಗಿದ ಮೇಲೆ ನೋಡೋಣ.

ಅಪ್ಪನಿಗೂ ಥ್ಯಾಂಕ್ಸ್. ಸೊರಗು ರೋಗಕ್ಕೆ ನಮ್ಮ ಅರ್ಧ ಬಳ್ಳಿ ಹೋದ ವರ್ಷವೇ ನಾನು ಈ ಕಾಗದ ಹಿಡಿದು ಕೂತಿದ್ದು. ಔಷಧಿ ಹೊಡೆಯುವ ದಿನ ನಾನು ಮೀಟಿಂಗ್‌ನಲ್ಲಿದ್ದೆ. ಒಂದು ಮಾತೂ ಅನ್ನಲಿಲ್ಲ ಅವರು. ಅಮ್ಮ ಅಂದರು, ಅದನ್ನು ಇಲ್ಲಿ ಬರೆಯುವುದು ಬೇಡ.

ಟೈಪ್ ಮಾಡಿದ ಹುಡುಗರಿಗೆ, ಇಂಗ್ಲಿಷ್‌ಗೆ ತಿರುಗಿಸಿ ಕೊಟ್ಟ ಮೇಷ್ಟರಿಗೆ, ಕೊಡೆ ಹಿಡಿದವರಿಗೆ, ಟಾರ್ಚ್ ಬಿಟ್ಟವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಆ ಒಂದು ಲೀಟರ್ ಡಬ್ಬಿ ಯಾರ ಮನೆಯದು ಅಂತ ಇನ್ನೂ ಗೊತ್ತಾಗಿಲ್ಲ. ಮುಚ್ಚಳದ ಮೇಲೆ ನೇಲ್‌ಪಾಲಿಶ್‌ನಲ್ಲಿ ಕೆಂಪು ಚುಕ್ಕೆ ಇದೆ. ನಮ್ಮನೆ ಜಗುಲಿ ಮೇಲೆ ಇಟ್ಟಿದ್ದೇನೆ, ಬಂದು ತಗೊಂಡು ಹೋಗಿ.