ಮೀಸೆಯವನ ಹಾಡುಗಳು

ಪುಟ್ಟಿ,

ನಿನ್ನ ಮೆಸೇಜು ಓದಿದೆ. ಶೋ ಮುಗಿದ ಮೇಲೆ ಎಲ್ಲರೂ ನಿನ್ನ ಜೊತೆ ಹಾಡುವ ಗೆಳತಿಯ ಪಕ್ಕ ನಿಂತು, ಫೋನ್ ನಿನ್ನ ಕೈಗೆ ಕೊಟ್ಟು "ಒಂದು ಫೋಟೋ ತೆಗೀರಿ" ಅಂದರಂತೆ. ಹೊಟ್ಟೆ ಉರಿಯುತ್ತೆ, ಗೊತ್ತು.

ನಿನ್ನ ಹಾಗೇ ಜೋಡಿಯಲ್ಲಿ ಹಿಂದೆ ನಿಂತವನೊಬ್ಬನ ಕಥೆ ಹೇಳುತ್ತೇನೆ: 'ಹಾಲ್ ಅಂಡ್ ಓಟ್ಸ್' ಅನ್ನುವ ಅಮೆರಿಕದ ಪಾಪ್ ಜೋಡಿಯ ಜಾನ್ ಓಟ್ಸ್. ನೀನು ಓದುತ್ತಿರುವ ಟೆಂಪಲ್ ಯೂನಿವರ್ಸಿಟಿಯಲ್ಲೇ ಅವನು ಜರ್ನಲಿಸಂ ಓದಿದ್ದ. ಅವನಿಗೆ ಡ್ಯಾರಿಲ್ ಹಾಲ್ ಸಿಕ್ಕಿದ್ದು 1967ರಲ್ಲಿ, ನಿಮ್ಮ ಫಿಲಡೆಲ್ಫಿಯಾದ ಅಡೆಲ್ಫಿ ಬಾಲ್‌ರೂಮಿನಲ್ಲಿ. ಇಬ್ಬರೂ ಬೇರೆ ಬೇರೆ ತಂಡದ ಜೊತೆ ಹಾಡಲು ಬಂದಿದ್ದರು. ಗ್ಯಾಂಗುಗಳ ಜಗಳ ಶುರುವಾಗಿ ಗುಂಡು ಹಾರಿತು. ಓಡಿದ ಇಬ್ಬರೂ ಒಂದೇ ಲಿಫ್ಟಿಗೆ ನುಗ್ಗಿದರು. ಸಿನಿಮಾದಲ್ಲಿ ತೋರಿಸಿದರೆ ನಂಬುತ್ತಿರಲಿಲ್ಲ, ಅಲ್ವಾ?

ಮುಂದೆ ಆ ಜೋಡಿಗೆ ಅಮೆರಿಕದಲ್ಲಿ ಆರು ನಂಬರ್ ಒನ್ ಹಾಡುಗಳು. ಮುಖ್ಯ ದನಿ ಜಾಸ್ತಿ ಹಾಲ್‌ನದೇ. ಹೊಂಬಣ್ಣದ ಕೂದಲಿನ ಆ ಎತ್ತರದ ಆಳಿನ ಮೇಲೇ ಕ್ಯಾಮೆರಾ. ಪಕ್ಕದಲ್ಲಿ ಗಿಟಾರ್ ಹಿಡಿದ ಕುಳ್ಳ ಓಟ್ಸ್ ಜನರ ಪಾಲಿಗೆ ಬರೀ ದಪ್ಪ ಮೀಸೆಯವನು. ಆ ಮೀಸೆ ಬಗ್ಗೆ ಎಷ್ಟು ಜೋಕುಗಳು!

ಆದರೆ ಹಾಡು ಹುಟ್ಟಿದ್ದು ಹೇಗೆ ನೋಡು. ಒಂದು ಹೊಸ ವರ್ಷದ ಹಿಂದಿನ ರಾತ್ರಿ, ಬರುತ್ತೇನೆ ಅಂದಿದ್ದ ಹುಡುಗಿ ಓಟ್ಸ್‌ಗೆ ಕೈ ಕೊಟ್ಟಳು. ಅವನು ಸುಮ್ನೆ ಗಿಟಾರ್ ಹಿಡಿದು ಕೂತು 'ಶೀಸ್ ಗಾನ್' ಪಲ್ಲವಿ ಕಟ್ಟಿದ. ಹಾಲ್‌ಗೆ ಆಗ ಮದುವೆ ಮುರಿದ ನೋವು. ಅವನು ಪಿಯಾನೊ ಮುಂದೆ ಕೂತು ಚರಣ ಸೇರಿಸಿದ. ಒಬ್ಬನದು ಒಂದು ರಾತ್ರಿಯ ಬೇಜಾರು, ಇನ್ನೊಬ್ಬನದು ಮುರಿದ ಸಂಸಾರ. ಕೇಳಿದರೆ ಹೊಲಿಗೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. 1974ರಲ್ಲಿ ಆ ಹಾಡು ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ 60ನೇ ಸ್ಥಾನಕ್ಕೇ ನಿಂತಿತು. 1976ರಲ್ಲಿ ಮತ್ತೆ ಬಿಟ್ಟಾಗ 7ಕ್ಕೆ ಏರಿತು.

1982ರ 'ಮ್ಯಾನೀಟರ್' ಹಾಡಿನ ಕಥೆ ನನಗೆ ಇನ್ನೂ ಇಷ್ಟ. ಓಟ್ಸ್ ಅದನ್ನು ಜಮೈಕಾದ ರೆಗ್ಗೆ ಧಾಟಿಯಲ್ಲಿ ಶುರು ಮಾಡಿದ್ದ. ಹಾಲ್ ಅದನ್ನು ಮೋಟೌನ್ ಅನ್ನುವ ಅಮೆರಿಕದ ರೆಕಾರ್ಡ್ ಕಂಪನಿಯ ಹಾಡುಗಳ ತಾಳಕ್ಕೆ ತಿರುಗಿಸಿದ. ನಾಲ್ಕು ವಾರ ನಂಬರ್ ಒನ್! ನೀನಾಗಿದ್ದರೆ ಮುಖ ಊದಿಸಿಕೊಂಡು ಮಾತು ಬಿಡುತ್ತಿದ್ದೆ. ಓಟ್ಸ್ ಧಾಟಿ ಬಿಟ್ಟುಕೊಟ್ಟ. ಬರೆದವರ ಪಟ್ಟಿಯಲ್ಲಿ ಅವನ ಹೆಸರು ಮಾತ್ರ ಹಾಗೇ ಇದೆ. ಫೋಟೋ ಯಾರದಾದರೂ ಇರಲಿ, ನಿನಗೆ ಬೇಕಾದ್ದು ಆ ಪಟ್ಟಿ.

ಈಗ ದುಡ್ಡಿನ ಮಾತು. ಬ್ಯಾಂಕಿನಲ್ಲಿ ಕೂದಲು ಹಣ್ಣಾದವಳು ನಾನು, ಸಹಿಸಿಕೋ. ಅಷ್ಟೆಲ್ಲ ಹಿಟ್ ಕೊಟ್ಟವನು 80ರ ದಶಕ ಮುಗಿಯುವಾಗ ಕೈ ಖಾಲಿ ಮಾಡಿಕೊಂಡಿದ್ದ. ಲೆಕ್ಕ ಬೇರೆಯವರು ನೋಡುತ್ತಿದ್ದರು. ಮನೆ, ಕಾರು ಮಾರಿ ಕೊಲರಾಡೊ ಬೆಟ್ಟಕ್ಕೆ ಹೋದ. ಆಮೇಲೆ ತನ್ನದೇ ಆಲ್ಬಮ್‌ಗಳನ್ನು ಮಾಡಿದ. ಚಿಕ್ಕಂದಿನಿಂದ ಮೆಚ್ಚಿದ್ದ ಹಳೇ ಬ್ಲೂಸ್ ಹಾಡುಗಾರ ಮಿಸಿಸಿಪಿ ಜಾನ್ ಹರ್ಟ್‌ನ ಗಿಟಾರ್ ಶೈಲಿಗೆ 2018ರ 'ಆರ್ಕನ್ಸಾ' ಆಲ್ಬಮ್‌ನಲ್ಲಿ ಮರಳಿದ. ನಿನ್ನ ಬೆರಳಿಗೆ ಒಳ್ಳೆ ಪಾಠ ಅದು, ಕೇಳು.

2023ರಲ್ಲಿ ಇಬ್ಬರ ಜಂಟಿ ಕಂಪನಿಯ ತನ್ನ ಪಾಲನ್ನು ಓಟ್ಸ್ ಮಾರಲು ಹೊರಟ. ಹಾಲ್ ನ್ಯಾಶ್‌ವಿಲ್ ಕೋರ್ಟಿನಿಂದ ತಡೆ ತಂದ. ಯಾರದು ಸರಿ ಅನ್ನಲು ನಾನ್ಯಾರು? ಅರ್ಧ ಶತಮಾನ ಜೊತೆಗಿದ್ದವರಿಗೇ ಹೀಗೆ.

ಅದಕ್ಕೇ, ನೀವಿಬ್ಬರೂ ಮಾಡಿದ ಹಾಡುಗಳಲ್ಲಿ ಯಾರ ಪಾಲು ಎಷ್ಟು ಅಂತ ಈ ವಾರವೇ ಕೂತು ಬರೆದಿಡಿ, ಇನ್ನೂ ಜಗಳ ಇಲ್ಲದಿರುವಾಗ. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ನನಗೆ ಸ್ಕ್ಯಾನ್ ಮಾಡಿ ಕಳಿಸು. ಅವಳದೂ ಕಳಿಸಲು ಹೇಳು, ಫೀಸಿಲ್ಲ.

ಅಮ್ಮ