ಒಂಬತ್ತನೇ ತರಗತಿ ಮಕ್ಕಳ ಪ್ರಾಜೆಕ್ಟ್ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ವಾರದಿಂದ ಮಕ್ಕಳು ಮನೆಯಲ್ಲಿ ಏನೇನೋ ಕೇಳಿ ನಿಮ್ಮ ತಲೆ ತಿನ್ನುತ್ತಿದ್ದಾರೆ ಅಂತ ಗೊತ್ತು. "ಅಮ್ಮಾ, ನಿನ್ನ ಪಿಎಫ್ ಎಷ್ಟು ಕಟ್ ಆಗುತ್ತೆ?", "ನಾನು ಹುಟ್ಟಿದಾಗ ನಿಂಗೆ ಎಷ್ಟು ದಿನ ರಜೆ ಕೊಟ್ಟಿದ್ರು?", "2016ರಲ್ಲಿ ನೀನೂ ರೋಡಿಗೆ ಹೋಗಿದ್ಯಾ?" ಇವೆಲ್ಲ ದುಡಿಯುವ ಹೆಂಗಸರ ಹೋರಾಟದ ಬಗ್ಗೆ ಮಕ್ಕಳು ಮಾಡುತ್ತಿರುವ ಪ್ರಾಜೆಕ್ಟಿಗೆ ನಾವೇ ಬರೆದುಕೊಟ್ಟ ಪ್ರಶ್ನೆಗಳು. ಕೆಲವು ಅಪ್ಪಂದಿರು ಫೋನ್ ಮಾಡಿ, "ಮೇಡಂ, ಮಕ್ಕಳಿಗೆ ಸ್ಟ್ರೈಕ್ ಪಾಠ ಯಾಕೆ, ಸುಮ್ನೆ ಸಿಲೆಬಸ್ ಮುಗಿಸಿ ಸಾಕು" ಅಂದರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯೋಣ ಅನ್ನಿಸಿತು.

ಪ್ರತಿ ವರ್ಷ ಮಾರ್ಚ್ 8ರ ಮಹಿಳಾ ದಿನಕ್ಕೆ ನಮ್ಮ ಶಾಲೆಯಲ್ಲಿ ಚಾರ್ಟ್ ಮಾಡಿಸುತ್ತೇವೆ. ಸಾವಿತ್ರಿಬಾಯಿ ಫುಲೆ ಅವರ ಫೋಟೊ, ಹುಟ್ಟಿದ ದಿನ, ತೀರಿಕೊಂಡ ದಿನ, ಸುತ್ತ ಗ್ಲಿಟರ್ ಪೆನ್ನಲ್ಲಿ ಬಾರ್ಡರ್. ಚೆಂದ ಕಾಣುತ್ತೆ, ಏಪ್ರಿಲ್‌ನಲ್ಲಿ ರದ್ದಿಗೆ ಹೋಗುತ್ತೆ. ಅದೇ ಮಕ್ಕಳಿಗೆ ಅಮ್ಮನ ಸಂಬಳದ ಚೀಟಿಯಲ್ಲಿರುವ ಇಎಸ್ಐ (ಕೆಲಸಗಾರರ ಆರೋಗ್ಯ ವಿಮೆ) ಅಂದರೇನು ಅಂತ ಕೇಳಿದರೆ ಬಾಯಿ ಬರೋದಿಲ್ಲ. ಈ ತರಗತಿಯಲ್ಲಿ ಬಹಳ ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಹಾಗಾಗಿ ಈ ಸಲ ಚಾರ್ಟ್ ಬೇಡ ಅಂತ ತೀರ್ಮಾನ ಮಾಡಿ, ಬಟ್ಟೆ ಮಿಲ್ಲಿನ ಕಥೆಯಿಂದಲೇ ಶುರು ಮಾಡಿದೆವು.

ಅಹಮದಾಬಾದಿನಲ್ಲಿ ಅನಸೂಯಾ ಸಾರಾಭಾಯ್ ಅಂತ ಒಬ್ಬರಿದ್ದರು. ಹುಟ್ಟಿದ್ದು 1885ರಲ್ಲಿ, ಮಿಲ್ ಮಾಲೀಕರ ಮನೆಯಲ್ಲಿ. ಚಿಕ್ಕ ವಯಸ್ಸಿಗೇ ಮದುವೆ ಮಾಡಿದ್ದರು, ಆ ಮದುವೆ ನಿಲ್ಲಲಿಲ್ಲ. ಆಮೇಲೆ ಇಂಗ್ಲೆಂಡಿಗೆ ಹೋಗಿ ಓದಿ ಬಂದರು. ಬಂದವರು ಕೆಲಸಗಾರರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಮಿಲ್ಲಿನ ಹೆಂಗಸರ ಗುಂಪೊಂದು ನಿದ್ದೆಗಣ್ಣಲ್ಲಿ ಕಾಲೆಳೆದುಕೊಂಡು ಹೋಗುತ್ತಿತ್ತಂತೆ. ಏನಾಯಿತು ಅಂತ ಕೇಳಿದರೆ, 36 ಗಂಟೆ ಒಂದೇ ಸಮ ಕೆಲಸ ಮಾಡಿ ಬರ್ತಿದ್ದೇವೆ ಅಂದರು. ಎರಡು ರಾತ್ರಿ, ಮಧ್ಯೆ ಒಂದು ಹಗಲು. ಇದನ್ನು ಹೇಳಿದಾಗ ಕ್ಲಾಸಲ್ಲಿ ಒಬ್ಬ ಹುಡುಗಿ ಎದ್ದು, "ಶಿಪ್‌ಮೆಂಟ್ ಇದ್ದರೆ ನಮ್ಮಮ್ಮನೂ ಲೇಟಾಗಿ ಬರ್ತಾಳೆ ಮಿಸ್, ಆದ್ರೆ ಇಷ್ಟೊಂದಿಲ್ಲ" ಅಂದಳು. ಯಾಕೆ ಇಷ್ಟೊಂದಿಲ್ಲ ಅನ್ನೋದೇ ನಮ್ಮ ಪಾಠ.

1918ರಲ್ಲಿ ಅಲ್ಲಿನ ಕೆಲಸಗಾರರು ಕೂಲಿ ಜಾಸ್ತಿ ಮಾಡಿ ಅಂತ ಕೆಲಸ ನಿಲ್ಲಿಸಿ ಕೂತರು, ಅನಸೂಯಾ ಅವರ ಜೊತೆ ನಿಂತರು. ಅವರು ಕೇಳಿದ್ದು ಶೇ. 35. ಮಾಲೀಕರು 20ರ ಮೇಲೆ ಒಂದು ಕಾಸೂ ಇಲ್ಲ ಅಂದರು. ಮಾಲೀಕರ ಕಡೆಯ ಮುಖಂಡ ಯಾರು ಗೊತ್ತಾ? ಅನಸೂಯಾ ಅವರ ಸ್ವಂತ ತಮ್ಮ ಅಂಬಾಲಾಲ್. ಅಕ್ಕ ಬೀದಿಯಲ್ಲಿ, ತಮ್ಮ ಗದ್ದುಗೆಯಲ್ಲಿ. ಗಾಂಧೀಜಿ ಉಪವಾಸ ಕೂತರು, ಕೊನೆಗೆ ಮಧ್ಯಸ್ಥಿಕೆಯಲ್ಲಿ 35ಕ್ಕೇ ತೀರ್ಮಾನ ಆಯಿತು. ಉಪವಾಸದ ಮಾತು ಎಲ್ಲರಿಗೂ ನೆನಪಿದೆ, ಈ ಹೆಂಗಸಿನ ಹೆಸರು ನಮ್ಮ ಕೆಲವು ಟೀಚರ್‌ಗಳಿಗೇ ಗೊತ್ತಿರಲಿಲ್ಲ.

1920ರಲ್ಲಿ ಅನಸೂಯಾ ಕಟ್ಟಿದ ಮಿಲ್ ಕೆಲಸಗಾರರ ಸಂಘದಲ್ಲೇ ಮುಂದೆ ಇಳಾ ಭಟ್ ಅನ್ನೋ ವಕೀಲೆ ಬೆಳೆದರು. 1972ರಲ್ಲಿ ತಲೆ ಮೇಲೆ ಹೊರೆ ಹೊರುವವರು, ತರಕಾರಿ ಮಾರುವವರು, ಮನೆಯಲ್ಲೇ ಹೊಲಿಯುವವರನ್ನು ಸೇರಿಸಿ 'ಸೇವಾ' ಸಂಘ ಕಟ್ಟಲು ಹೊರಟಾಗ, ನೋಂದಣಿ ಕಚೇರಿಯವರು ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಸಂಘ ಅಂತ ಕೇಳಿದ್ದರು. ಬಿಡಲಿಲ್ಲ, ನೋಂದಣಿ ಆಯಿತು. ಬ್ಯಾಂಕುಗಳು ಈ ಹೆಂಗಸರನ್ನು ಹತ್ತಿರ ಸೇರಿಸಲ್ಲ ಅಂದಾಗ 1974ರಲ್ಲಿ 4,000 ಜನ ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಮಾಡಿಕೊಂಡರು. ಮನೆಗೆಲಸಕ್ಕೆ ಹೋಗುವ, ಹೂ ಕಟ್ಟುವ, ಫಾಲ್ಸ್ ಹೊಲಿಯುವ ಅಮ್ಮಂದಿರೇ, ಇದು ನಿಮ್ಮ ಪಾಠ. "ನಮ್ದೇನಿದೆ ಬಿಡಿ ಮಿಸ್" ಅನ್ನಬೇಡಿ.

ಈಗ 2016ರ ವಿಷಯ. ಫೋನ್ ಮಾಡಿದವರಿಗೆ ಕಸಿವಿಸಿ ಆಗಿದ್ದು ಇದಕ್ಕೇ. ಪಿಎಫ್‌ನಲ್ಲಿ, ಅಂದರೆ ಕೆಲಸಗಾರರ ಭವಿಷ್ಯ ನಿಧಿಯಲ್ಲಿ, ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಿಷನ್ ಮುಂದೆ ಕೂತು ಸೊಂಟ ಹಿಡಿದುಕೊಂಡಿರುವವರು 58ರವರೆಗೆ ಎಲ್ಲಿ ಇರುತ್ತಾರೆ? ಮಗಳ ಮದುವೆ, ಚೀಟಿ ಸಾಲ, ಜೂನ್ ತಿಂಗಳ ಫೀಸು, ಎಲ್ಲಕ್ಕೂ ಆ ದುಡ್ಡೇ ಗತಿ. ಏಪ್ರಿಲ್ 18ರಂದು ಯಾವ ದೊಡ್ಡ ಯೂನಿಯನ್ನೂ ಕರೆ ಕೊಡದೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಫ್ಯಾಕ್ಟರಿ ಬಿಟ್ಟು ಬೆಂಗಳೂರಿನ ಬೊಮ್ಮನಹಳ್ಳಿ ಕಡೆ ಹೊಸೂರು ರಸ್ತೆಗೆ ಬಂದು ಕೂತರು, ಮರುದಿನ ಪೀಣ್ಯದ ಕಡೆಯೂ ಜನ ಸೇರಿದರು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಏಟೂ ಬಿತ್ತು. ಅದನ್ನು ಮಕ್ಕಳಿಂದ ಮುಚ್ಚಿಟ್ಟಿಲ್ಲ, ಬೆಂಕಿ ಹಚ್ಚಿದ್ದು ಸರಿ ಅಂತಲೂ ಹೇಳಿಲ್ಲ. 19ನೇ ತಾರೀಕೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಇಡೀ ದೇಶಕ್ಕೆ ಅನ್ವಯ ಆಗಬೇಕಿದ್ದ ನಿಯಮ ಅದು. ಇದನ್ನು ಮಕ್ಕಳಿಗೆ ಹೇಳಬಾರದು ಅಂದರೆ ಮತ್ತೆ ಯಾವುದನ್ನು ಹೇಳೋಣ, ನೀವೇ ಹೇಳಿ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಇದೆ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ಬಗ್ಗೆ ಹೆಂಗಸರ ದೂರು ಕೇಳಲು ಸಮಿತಿ ಇರಲೇಬೇಕು ಅನ್ನುವ 2013ರ ಕಾನೂನು ಇದೆಯಲ್ವಾ, ಅದರ ಬೇರು ರಾಜಸ್ಥಾನದ ಒಂದು ಹಳ್ಳಿಯಲ್ಲಿದೆ. ಭಂವರಿ ದೇವಿ ಅನ್ನುವವರು ಸರ್ಕಾರದ ಮಹಿಳಾ ಯೋಜನೆಯ ಕಾರ್ಯಕರ್ತೆ, ಆ ಕೆಲಸದ ಭಾಗವಾಗಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಕ್ರೂರ ದೌರ್ಜನ್ಯ ನಡೆಯಿತು. ಅದರ ಬೆನ್ನಿಗೆ ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು, 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲೇಬೇಕು ಅನ್ನುವ ವಿಶಾಖಾ ತೀರ್ಪು ಕೊಟ್ಟಿತು. ಅಷ್ಟೆಲ್ಲ ಆದಮೇಲೂ ನಮ್ಮಲ್ಲಿ ಎಸ್ಎಸ್ಎಲ್‌ಸಿ ಮುಗಿಯುವ ಮೊದಲೇ ಹುಡುಗಿಗೆ ಗಂಡು ನೋಡೋರಿದ್ದಾರೆ. ಆಧಾರ್‌ನಲ್ಲಿ ವಯಸ್ಸು ತಿದ್ದಿಸಿ ಹೆಲ್ಪರ್ ಕೆಲಸಕ್ಕೆ ಹಾಕೋಣ ಅನ್ನೋರೂ ಇದ್ದಾರೆ. ದಯವಿಟ್ಟು ಬೇಡ. ಕಷ್ಟ ಇದ್ದರೆ ಮೊದಲು ನನ್ನ ಹತ್ತಿರ ಬನ್ನಿ, ಸ್ಕಾಲರ್‌ಶಿಪ್, ಹಾಸ್ಟೆಲ್ ಏನಿದೆ ನೋಡೋಣ.

ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅಮ್ಮಂದಿರು ಶಾಲೆಗೆ ಬನ್ನಿ. ಗಾರ್ಮೆಂಟ್ಸ್‌ಗೆ ರಜೆ ಅಂತಲೇ ಭಾನುವಾರ ಇಟ್ಟಿದ್ದೇವೆ. ಭಾಷಣ ಬೇಡ, ಮೈಕೂ ಇಲ್ಲ. ಮಕ್ಕಳು ಕೇಳುತ್ತಾರೆ, ನೀವು ಹೇಳುತ್ತೀರಿ. ಫೋಟೊ ತೆಗೆಯೋದಿಲ್ಲ, ಫ್ಯಾಕ್ಟರಿ ಹೆಸರನ್ನಾಗಲಿ ಸೂಪರ್‌ವೈಸರ್ ಹೆಸರನ್ನಾಗಲಿ ಯಾರೂ ಬರೆದುಕೊಳ್ಳೋದಿಲ್ಲ. ಹೇಳೋಕೆ ಇಷ್ಟ ಇಲ್ಲದ್ದನ್ನು ಹೇಳಬೇಕಿಲ್ಲ. ಸಣ್ಣ ಮಕ್ಕಳಿದ್ದರೆ ಕರೆದುಕೊಂಡೇ ಬನ್ನಿ, ಒಂದನೇ ತರಗತಿ ರೂಮಿನಲ್ಲಿ ಟೀಚರ್ ಒಬ್ಬರು ನೋಡಿಕೊಳ್ಳುತ್ತಾರೆ. ಅಪ್ಪಂದಿರೂ ಬರಬಹುದು, ಅದರಲ್ಲೂ ಫೋನ್ ಮಾಡಿದವರು ತಪ್ಪದೆ ಬನ್ನಿ. ಎಲ್ಲರಿಗೂ ಟೀ, ಉಪ್ಪಿಟ್ಟು ಮಾಡೋ ಜವಾಬ್ದಾರಿ ನಿಮ್ಮದು. ರವೆ, ಸಕ್ಕರೆ ಶಾಲೆಯಲ್ಲಿ ಇದೆ, ಒಂಬತ್ತು ಗಂಟೆಗೆ ಅಡುಗೆ ಮನೆ ಬೀಗ ತೆಗೆಸಿರುತ್ತೇನೆ.

ನಿಮ್ಮ,
ಮುಖ್ಯ ಶಿಕ್ಷಕಿ