ಕಿವಿಮೊರೆತಕ್ಕೆ ಗ್ಯಾರಂಟಿ ಮದ್ದು ಬೇಡ, ಶ್ರವಣ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಆರೋಗ್ಯ ಅಂಕಣದಲ್ಲಿ ಓದುಗರೊಬ್ಬರು ಕಿವಿಯಲ್ಲಿ ಸದಾ ಗುಂಯ್‌ಗುಡುವ ಶಬ್ದದ, ಅಂದರೆ ಕಿವಿಮೊರೆತದ ಬಗ್ಗೆ ಕೇಳಿದ್ದರು. ವೈದ್ಯರು 'ವಯಸ್ಸಾದ ಮೇಲೆ ಇದು ಸಹಜ, ಚಿಕಿತ್ಸೆಯಿಲ್ಲ, ಅಭ್ಯಾಸ ಮಾಡಿಕೊಳ್ಳಿ' ಎಂದು ಎರಡು ಸಾಲಿನಲ್ಲಿ ಮುಗಿಸಿದ್ದಾರೆ. ಅದರ ಕೆಳಗೇ ಒಂದು ಜಾಹೀರಾತು: 'ಕಿವಿಯ ಶಬ್ದಕ್ಕೆ ಏಳು ದಿನಗಳಲ್ಲಿ ಶಾಶ್ವತ ಪರಿಹಾರ, ಗ್ಯಾರಂಟಿ'. ಮೇಲಿನ ಉತ್ತರ ಓದಿದವರು ಕೆಳಗಿನ ನಂಬರಿಗೆ ಫೋನ್ ಮಾಡದೆ ಇನ್ನೇನು ಮಾಡಿಯಾರು?

ನಾನು ಮುಂಬಯಿಯ ಪತ್ರಿಕೆಯೊಂದರ ಮುದ್ರಣ ವಿಭಾಗದಲ್ಲಿ ರಾತ್ರಿ ಪಾಳಿಯ ರೋಟರಿ ಯಂತ್ರ ನಡೆಸಿ ನಿವೃತ್ತನಾದವನು. ಪುಟದಲ್ಲಿ ಉಳಿದ ಜಾಗಕ್ಕೆ ಇಂಥ ಜಾಹೀರಾತು ಹೇಗೆ ಬಂದು ಕೂರುತ್ತದೆ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಸಿಟ್ಟು ಬಂದಿದೆ, ಕ್ಷಮಿಸಿ.

ಯಂತ್ರ ವೇಗ ಹಿಡಿದ ಮೇಲೆ ಅದರ ಪಕ್ಕ ನಿಂತವರಿಗೆ ಕೈಸನ್ನೆಯೇ ಭಾಷೆ. ಶಾಯಿ ಹೆಚ್ಚಿಸಲು ಹೆಬ್ಬೆರಳು ಮೇಲೆ, ರೀಲ್ ಹರಿದರೆ ಎರಡೂ ಕೈ ಅಡ್ಡ. ಕಿವಿಗೆ ಹಾಕುವ ಮಫ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ತಪಾಸಣೆಗೆ ಯಾರಾದರೂ ಬಂದ ದಿನ ಮಾತ್ರ ಕೆಳಗಿಳಿಯುತ್ತಿತ್ತು. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿಯಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವುದು 85. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಕಿವಿ ತಾಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. ಸದ್ದನ್ನು ಹಿಡಿಯುವ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಕಡೆಯ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆ ಏರಿಕೆಯೇ ನಮಗೆ ಶಬ್ದವಾಗಿ ಕೇಳುತ್ತದೆ ಎಂಬುದು ಇಂದು ಹೆಚ್ಚು ಜನ ತಜ್ಞರು ಒಪ್ಪುವ ವಿವರಣೆ.

ನನ್ನ ಕಿವಿಯಲ್ಲಿರುವುದು ಜೀರುಂಡೆಯ ದನಿ. ಎರಡೂ ಕಡೆ, ಎಡಗಡೆ ಸ್ವಲ್ಪ ಜೋರು. 'ಮುಂಬಯಿಯ ಗಲಾಟೆ ಬಿಟ್ಟು ಊರಿಗೆ ಹೋಗಿ ನೆಮ್ಮದಿಯಾಗಿರಿ' ಎಂದು ಸಲಹೆ ಕೊಡದವರಿಲ್ಲ. ಹೋಗಿಯೂ ಬಂದೆ. ಕಾರ್ಕಳದ ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆಲ್ಲ ಊರು ಮಲಗಿದರೆ ಕಿವಿಯೊಳಗಿನದು ಎದ್ದು ಕೂರುತ್ತದೆ. ಆಟಿಯ ಮಳೆ ಹಂಚಿನ ಮೇಲೆ ಸುರಿಯುವ ರಾತ್ರಿಗಳಲ್ಲಿ ಮಾತ್ರ ಸುಖನಿದ್ದೆ. ಡೊಂಬಿವಲಿಯ ಮನೆಯಲ್ಲಿ ಫ್ಯಾನ್ ಇದೆ, ಕೆಳಗೆ ರಿಕ್ಷಾಗಳಿವೆ, ದೂರದಲ್ಲಿ ಲೋಕಲ್ ಓಡುತ್ತಿರುತ್ತದೆ. ಇಷ್ಟು ಸಣ್ಣ ಸದ್ದು ನನಗೆ ಬೇಕು. ಪೂರ್ತಿ ನಿಶ್ಶಬ್ದದಲ್ಲಿ ಆರೋಗ್ಯವಂತರ ಕಿವಿಯೂ ಏನಾದರೊಂದು ಹಾಡುತ್ತದೆಯಂತೆ: 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕೇಳುವ ಶಕ್ತಿ ಸರಿಯಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ನೋಡಿದಾಗ ನೂರಕ್ಕೆ 94ರಷ್ಟು ಮಂದಿ ಒಂದಲ್ಲ ಒಂದು ಶಬ್ದ ಕೇಳಿಸಿತು ಎಂದಿದ್ದರು. ಹಾಗೆಂದು ಗಣೇಶೋತ್ಸವದ ಡಿಜೆ ಗೋಡೆಯ ಮುಂದೆ ನನ್ನನ್ನು ನಿಲ್ಲಿಸಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ನಮ್ಮ ಗಲ್ಲಿಯಲ್ಲಿ ಅದು ಕಾಗದದ ಮೇಲಿನ ಅಂಕಿ.

ಮೊದಲು ನೋಡಿದ ವೈದ್ಯರು ಕಿವಿಗೆ ದೀಪ ಹಿಡಿದು 'ಗುಗ್ಗೆ ಇಲ್ಲ, ತಮಟೆ ಸರಿಯಿದೆ' ಎಂದು ಬೀಟಾಹಿಸ್ಟಿನ್ ಮಾತ್ರೆ ಬರೆದರು. ಎರಡನೆಯವರೂ ಅದನ್ನೇ ಬರೆದು ಗಿಂಕ್ಗೊ ಎಂಬ ಸೊಪ್ಪಿನ ಸಾರದ ಮಾತ್ರೆ ಸೇರಿಸಿದರು. ಬೀಟಾಹಿಸ್ಟಿನ್ ಎಂಬುದು ಮೆನಿಯರ್ ಎಂಬ ಒಳಕಿವಿಯ ಕಾಯಿಲೆಯ ತಲೆಸುತ್ತಿಗೆ ಕೊಡುವ ಔಷಧ; ನನಗೆ ತಲೆಸುತ್ತು ಎಂದೂ ಬಂದಿಲ್ಲ. ಪುಣೆಯಲ್ಲಿರುವ ಮಗಳು ಹುಡುಕಿ ಓದಿ ಹೇಳಿದಳು: ಕಿವಿಮೊರೆತಕ್ಕೆ ಬೀಟಾಹಿಸ್ಟಿನ್ ಕೊಡಬೇಡಿ ಎಂದು ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲೇ ಹೇಳಿದೆ; ಗಿಂಕ್ಗೊ, ಸತು, ಮೆಲಟೊನಿನ್ ಬೇಡವೆಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲೇ ಬರೆದಿದೆ. ಅದೇ ಮಾರ್ಗಸೂಚಿ ಬೇಕು ಎನ್ನುವುದು ಶ್ರವಣ ಪರೀಕ್ಷೆಯನ್ನು, ಕೇಳಿಸುವುದು ಕಡಿಮೆಯಿದ್ದರೆ ಶ್ರವಣ ಸಾಧನವನ್ನು. ಮಾತ್ರೆ ಬರೆದ ಇಬ್ಬರಲ್ಲಿ ಒಬ್ಬರೂ ನನ್ನನ್ನು ಶ್ರವಣ ಪರೀಕ್ಷೆಗೆ ಕಳುಹಿಸಿರಲಿಲ್ಲ. ನನ್ನ ದೂರು ಇದೇ.

ಕೊನೆಗೂ ಮಾಡಿಸಿಕೊಂಡ ಶ್ರವಣ ಪರೀಕ್ಷೆಯ ಕೋಣೆಯ ಬಾಗಿಲು ಬ್ಯಾಂಕಿನ ತಿಜೋರಿಯದ್ದರಷ್ಟು ದಪ್ಪ. ಒಳಗೆ ಒಂದು ಕುರ್ಚಿ, ಹೆಡ್‌ಫೋನ್, ಕೈಗೊಂದು ಗುಂಡಿ. 'ಕಾಕಾ, ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಿ' ಎಂದು ಗಾಜಿನಾಚೆಯ ಮರಾಠಿ ಹುಡುಗಿ ಹೇಳಿದಳು. ಮೊದಲ ದಪ್ಪ ಸ್ವರಗಳು ಸುಲಭವಾಗಿದ್ದವು. ಸ್ವರ ಮೇಲೇರಿದಂತೆ ಯಂತ್ರದ ಶಬ್ದ ಯಾವುದು, ನನ್ನದು ಯಾವುದು ತಿಳಿಯದೆ ಗುಂಡಿ ಹಿಡಿದು ಬೆವರತೊಡಗಿದೆ. ಆಕೆಗೆ ಅರ್ಥವಾಯಿತು. ಎಳೆದು ಬರುವ ಸ್ವರ ನಿಲ್ಲಿಸಿ ಟುಕ್ ಟುಕ್ ಎಂದು ಬಿಟ್ಟು ಬಿಟ್ಟು ಬರುವ ಸ್ವರ ಹಾಕಿದಳು. 'ನಿಮ್ಮದು ನಿಲ್ಲುವುದಿಲ್ಲ, ಇದು ನಿಂತು ನಿಂತು ಬರುತ್ತದೆ, ಇದಕ್ಕೆ ಒತ್ತಿ' ಎಂದಳು. ಕೊನೆಗೆ ಕೊಟ್ಟ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎರಡು ಗೆರೆಗಳೂ ಸಮತಟ್ಟಾಗಿ ಹೋಗಿ 4000 ಹರ್ಟ್ಸ್‌ನ ಎತ್ತರದ ಸ್ವರದ ಬಳಿ ಹಳ್ಳಕ್ಕೆ (ಅಲ್ಲಿ ಕೇಳಿಸುವುದು ಕಡಿಮೆ) ಬಿದ್ದು 8000ದ ಕಡೆಗೆ ಕೊಂಚ ಮೇಲೇರುತ್ತವೆ. ಯಂತ್ರಗಳ ಸದ್ದಿನಲ್ಲಿ ದುಡಿದವರ ಗುರುತು ಇದು, ವಯಸ್ಸಿನದ್ದಷ್ಟೇ ಅಲ್ಲ. ನನ್ನ ಕಿವಿಮೊರೆತವನ್ನೂ ಅಳೆದರು. ತಲೆ ತುಂಬಾ ತುಂಬಿಕೊಂಡಿರುವ ಆ ಶಬ್ದ, ನನಗೆ ಕೇಳಿಸುವ ಕನಿಷ್ಠ ಸದ್ದಿಗಿಂತ ಕೆಲವೇ ಡೆಸಿಬಲ್ ಹೆಚ್ಚಂತೆ. ಬಹುತೇಕ ಎಲ್ಲರದೂ ಹಾಗೆಯೇ ಎಂದರು. ಇಷ್ಟು ವರ್ಷ ನಿದ್ದೆ ಕೆಡಿಸಿದ್ದು ಇಷ್ಟೇ ಎಂದರೆ ನಂಬುವುದು ಕಷ್ಟ, ಸ್ವಲ್ಪ ಅವಮಾನವೂ ಆಯಿತು.

ಎತ್ತರದ ಸ್ವರ ಹೋದವನಿಗೆ ಮೊದಲು ಕೈಕೊಡುವುದು ಸಕಾರ, ಶಕಾರ. ಹೆಂಡತಿ ಸೊಪ್ಪು ತನ್ನಿ ಎಂದರೆ ನಾನು ಉಪ್ಪು ತಂದದ್ದಿದೆ. 'ಕಿವಿಯಲ್ಲಿ ಶಬ್ದ ಜಾಸ್ತಿ ಎನ್ನುತ್ತೀರಿ, ಟಿವಿ ಶಬ್ದಕ್ಕೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರಲ್ಲ' ಎಂದು ಅವಳು ಮೊದಲೇ ಹೇಳಿದ್ದಳು. ಇಬ್ಬರು ವೈದ್ಯರು ಹಿಡಿಯದ್ದನ್ನು ಅವಳು ಹಿಡಿದಿದ್ದಳು ಎನ್ನಬೇಕು. ಅಂಗಡಿಯವರು ತೋರಿಸಿದ ಜೋಡಿ ಸಾಧನದ ಬೆಲೆ ಲಕ್ಷ ದಾಟಿತ್ತು. ಅದನ್ನು ಬಿಟ್ಟು, ಪರೀಕ್ಷೆ ಮಾಡಿದವರು ಸೂಚಿಸಿದ ಸಾಧಾರಣ ಜೋಡಿ ಹಾಕಿಸಿಕೊಂಡೆ. ಕಿವಿಮೊರೆತ ಹೋಗಿಲ್ಲ. ಹಗಲಲ್ಲಿ ಹೊರಗಿನ ಸದ್ದು ಸರಿಯಾಗಿ ಕೇಳಿಸುವುದರಿಂದ ಅದರ ಕಡೆ ಗಮನ ಹೋಗುವುದು ಕಡಿಮೆಯಾಗಿದೆ. ರಾತ್ರಿ ಸಾಧನ ತೆಗೆದಿಟ್ಟಾಗ ಜೀರುಂಡೆ ಹಾಜರು, ಆಗ ಫ್ಯಾನ್.

ಏನೇನು ಚಿಕಿತ್ಸೆ ಇದೆ ಎಂದು ವಿಚಾರಿಸಿದಾಗ ನಾಲಿಗೆಗೆ ಸಣ್ಣ ವಿದ್ಯುತ್ ಕೊಟ್ಟು, ಜೊತೆಗೆ ಶಬ್ದ ಕೇಳಿಸುವ ಲೆನೈರ್ ಎಂಬ ಉಪಕರಣದ ಹೆಸರೂ ಬಂತು. 2023ರಲ್ಲಿ ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟಿದೆ. ಪಿಂಚಣಿಯವನಿಗೆ ಸದ್ಯಕ್ಕೆ ದೂರದ ಮಾತು. ಕಿವಿಗೆ ಎಣ್ಣೆ ಬಿಡುವ ಸಲಹೆಯನ್ನು ಊರಿನ ಹಿರಿಯರ ಮಾತೆಂದು ಕೇಳಿಸಿಕೊಂಡೆ, ಎಣ್ಣೆ ಹಾಕಲಿಲ್ಲ.

ನಿಮ್ಮ ಅಂಕಣದ ವೈದ್ಯರು ಆ ಓದುಗರನ್ನು ಕೇಳಬೇಕಾಗಿದ್ದ ಮಾತುಗಳಿವೆ. ಶಬ್ದ ಒಂದೇ ಕಿವಿಯಲ್ಲಿದೆಯೇ? ಹಾಗಿದ್ದರೆ ಶ್ರವಣ ನರದ ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕಾಗಬಹುದು. ನಾಡಿಯ ಲಯಕ್ಕೆ ಬಡಿಯುತ್ತದೆಯೇ? ಆಗ ರಕ್ತನಾಳಗಳನ್ನು ನೋಡಬೇಕು. ಕೇಳಿಸುವುದು ಒಂದೆರಡು ದಿನಗಳಲ್ಲಿ ದಿಢೀರನೆ ಕುಸಿಯಿತೇ? ಅದು ತುರ್ತು, ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಅಂಥವರು ಏಳು ದಿನ ಗ್ಯಾರಂಟಿ ಮದ್ದು ತಿನ್ನುತ್ತಾ ಕುಳಿತರೆ ಕಿವಿಯೇ ಹೋದೀತು. ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಕಿವುಡುತನಕ್ಕೂ' ಎಂದಿದೆ. ಯಾವ ಕಾಯಿಲೆಗಳಿಗೆ ಮದ್ದಿದೆ ಎಂದು ಜಾಹೀರಾತು ಕೊಡಬಾರದೆಂದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ಪಟ್ಟಿ ಮಾಡಿದೆಯೋ ಅದರಲ್ಲಿ ಕಿವುಡುತನವೂ ಇದೆ. ಜಾಹೀರಾತು ವಿಭಾಗದವರಿಗೆ ದಯವಿಟ್ಟು ತೋರಿಸಿ.

ಪರೀಕ್ಷೆ ಮಾಡಿಸಲು ಮುಂಬಯಿಯವರಿಗೆ ಬಾಂದ್ರಾ ರೆಕ್ಲಮೇಷನ್‌ನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯಿದೆ. ಊರಿಗೆ ಹೋಗಿಬರುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಈಗ ನಾನು ಯೋಚಿಸುತ್ತಿರುವುದು ಅರಿವಿನ ವರ್ತನಾ ಚಿಕಿತ್ಸೆಯ (ಸಿಬಿಟಿ) ಬಗ್ಗೆ, ಅಂದರೆ ಮನಃಶಾಸ್ತ್ರಜ್ಞರ ಜೊತೆ ಮಾತಾಡುತ್ತಾ ಯೋಚನೆಯ ರೀತಿ ಬದಲಿಸಿಕೊಳ್ಳುವ ಚಿಕಿತ್ಸೆ. ಅದು ಶಬ್ದವನ್ನು ತಗ್ಗಿಸದು. ಶಬ್ದದಿಂದಾಗುವ ಕಿರಿಕಿರಿ, ಭಯವನ್ನು ತಗ್ಗಿಸುತ್ತದೆ, ಮತ್ತು ಕಿವಿಮೊರೆತದ ಚಿಕಿತ್ಸೆಗಳಲ್ಲೆಲ್ಲ ಹೆಚ್ಚಿನ ಆಧಾರವಿರುವುದು ಇದಕ್ಕೇ. ಆದರೆ ರಾತ್ರಿ ಎರಡು ಗಂಟೆಗೆ ತಲೆಯಲ್ಲಿ ಏನು ಓಡುತ್ತದೆ ಎಂಬುದನ್ನು ನಾನು ಹಿಂದಿಯಲ್ಲಿ ಬಿಡಿಸಿ ಹೇಳಲಾರೆ. ಮುಂಬಯಿ, ಠಾಣೆ ಭಾಗದಲ್ಲಿ ಇದನ್ನು ಕನ್ನಡದಲ್ಲಿ ನಡೆಸಿಕೊಡುವ ಮನಃಶಾಸ್ತ್ರಜ್ಞರಿದ್ದರೆ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ. ಅಂಕಣಕ್ಕೆ ಪ್ರಶ್ನೆ ಕಳುಹಿಸಿದ ಆ ಓದುಗರಿಗೂ ಅದು ಬೇಕಾಗಬಹುದು.

ಇತಿ,
ನಿವೃತ್ತ ಮುದ್ರಣ ಕಾರ್ಮಿಕ, ಡೊಂಬಿವಲಿ ಪೂರ್ವ